ಹಂದರದ ಎತ್ತರ

ವಳಸಂಗ, ತಾ. ಜತ್ತ
20 ಜನವರಿ 2025

ಚಿ. ಸೌ. ಶೈಲಾ,

ನಿನಗೂ ಅಳಿಯಂದಿರಾದ ಕಲ್ಮೇಶರಿಗೂ ನಮ್ಮಿಬ್ಬರ ಆಶೀರ್ವಾದ. ಸಾಲಿಗೆ ಹೊರಟಿರುವ ಮಲ್ಲಿನಾಥನಿಗೆ ಒಂದು, ತೊಟ್ಟಿಲಲ್ಲಿರುವ ಗೌರವ್ವಗೆ ಎರಡು. ಅವಳು ನನ್ನ ಅವ್ವನ ಹೆಸರು ಹೊತ್ತವಳು, ಅದಕ್ಕೇ ಒಂದು ಹೆಚ್ಚು. ನೀನು ಕಳಿಸಿದ ಕುಸುರೆಳ್ಳು ಸಂಕ್ರಾಂತಿಯ ಮರುದಿನ ಮುಟ್ಟಿತು.

ಎರಡು ತಿಂಗಳಿಂದ ನಿನಗೆ ಒಂದು ಸಾಲೂ ಬರೆದಿಲ್ಲ. ತಪ್ಪಾಯಿತು. ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀ. ಫೋನು ಬಂದಾಗೆಲ್ಲ ನಿಮ್ಮವ್ವ ಪಕ್ಕದಲ್ಲೇ ಕೂತಿರುತ್ತಾಳೆ. ನಾನು ಬಾಯಿ ತೆರೆಯುವುದರೊಳಗೆ "ಎಲ್ಲಾ ಆರಾಮ ಐತಿ ಅನ್ರಿ" ಎಂದು ಕೈ ಮಾಡುತ್ತಾಳೆ. ನಾನೂ ಅನ್ನುತ್ತೇನೆ. ಈಗ ಅವಳು ರಹಿಮಾಳ ಮನೆಗೆ ಎಳ್ಳು ಕೊಡಲು ಹೋಗಿದ್ದಾಳೆ. ಬರುವುದರೊಳಗೆ ಇದನ್ನು ಬರೆದು ಮುಗಿಸಬೇಕು.

ಮೊನ್ನೆ ನೀನು ಫೋನಿನಲ್ಲಿ ಅಂದೆ: "ಅಪ್ಪಾ, ತೊಟ್ಟಿಲ ಕಾರ್ಯಕ್ಕ ಬಂದು ಅವ್ವ ಕೂಸಿನ್ನ ಎತ್ಕೊಳ್ಳಲೇ ಇಲ್ಲ. ತೊಡಿ ಮ್ಯಾಲ ಎರಡ ಮಿನಿಟ ಇಟಗೊಂಡು ನಮ್ಮ ಅತ್ತಿ ಕೈಯಾಗ ಕೊಟ್ಟಳು. ಎರಡನೇದು ಹೆಣ್ಣಾತು ಅಂತ ಏನು?" ಫೋನಿನ ದನಿ ದೊಡ್ಡದಿತ್ತು. ನಿಮ್ಮವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಎದ್ದು ಒಳಗೆ ಹೋಗಿ ಒಲೆ ಮುಂದೆ ಕೂತಳು. ಒಲೆ ಹೊತ್ತಿಸಿರಲಿಲ್ಲ.

ಮಗಳೇ, ಅವಳ ಬಲಗೈಯಲ್ಲಿ ಹಿಡಿತ ಇರಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ಎರಡು ಹಂಗಾಮಿನ ಹಿಂದೆ ದ್ರಾಕ್ಷಿ ಗೊಂಚಲಿನ ಹೆಚ್ಚಿನ ಕಾಳು ಬಿಡಿಸುವ ದಿನಗಳಲ್ಲಿ ಅವಳಿಗೆ ಕುತ್ತಿಗೆಯ ಹಿಂದೆ ಹಿಡಿದುಕೊಂಡಿತು. ಅಲ್ಲಿಂದ ಹೆಗಲಿಗೆ ಇಳಿಯಿತು. ಬಿಸಿ ಇಟ್ಟಿಗೆಯನ್ನು ಅರಿವೆಯಲ್ಲಿ ಸುತ್ತಿ ಇಟ್ಟುಕೊಂಡಳು, ಎಣ್ಣೆ ತಿಕ್ಕಿಸಿಕೊಂಡಳು. ಬೆಳಿಗ್ಗೆ ಎದ್ದು ಮತ್ತೆ ತೋಟಕ್ಕೆ. ನಾನು ಸುಮ್ಮನೆ ಕೂಡುವವನೇ? ಪತ್ರಿಕೆಯ ಆರೋಗ್ಯದ ಪುಟಗಳನ್ನು ಹನ್ನೆರಡು ವರ್ಷಗಳಿಂದ ಕತ್ತರಿಸಿ ಇಟ್ಟವನು ನಾನು. ಒಂದರಲ್ಲಿ ದಿಂಬು ಕೆಟ್ಟದ್ದು ಎಂದಿತ್ತು, ಅವಳ ದಿಂಬು ತೆಗೆಸಿದೆ. ಇನ್ನೊಂದರಲ್ಲಿ ಕುತ್ತಿಗೆಗೆ ವಿಶ್ರಾಂತಿ ಬೇಕು ಎಂದಿತ್ತು. ಹೋದ ಮಳೆಗಾಲದಲ್ಲಿ ಜತ್ತದ ಔಷಧ ಅಂಗಡಿಯಿಂದ ಕುತ್ತಿಗೆಯ ಪಟ್ಟಾ ತಂದು ನಾನೇ ಕಟ್ಟಿದೆ, ಸ್ನಾನಕ್ಕೆ ಬಿಟ್ಟು ಬಿಚ್ಚಕೂಡದು ಎಂದು ತಾಕೀತು ಮಾಡಿದೆ. ಹೀಗೆ ನಾಲ್ಕು ತಿಂಗಳು.

ರಹಿಮಾ ನಿನಗೆ ಗೊತ್ತಲ್ಲ, ಕಾಳು ಬಿಡಿಸುವ ಹೆಂಗಸರ ಟೋಳಿಯ ಮುಂದಾಳು, ಬಾಯಿಗೆ ತಡೆ ಇಲ್ಲ. ಮೊದಲ ದಿನವೇ ಅಂದಳಂತೆ: "ಯವ್ವಾ ಭಾಗಕ್ಕ, ಮಾಸ್ತರು ನಿನಗ ಎತ್ತಿನ ಕೊಳ್ಳಪಟ್ಟಿ ಕಟ್ಟ್ಯಾರಲ್ಲ! ಗೆಜ್ಜಿ ಎಂದ ಕಟ್ಟತಾರ?" ಎಲ್ಲರೂ ನಕ್ಕರಂತೆ. ನಿಮ್ಮವ್ವ ಪಟ್ಟಾ ಹಾಕಿಕೊಂಡೇ ಕೆಲಸ ಮಾಡಿದಳು. ಕುತ್ತಿಗೆ ಹಿಂದಕ್ಕೆ ಬಾಗದೆ ಹೋದಾಗ ಟೊಂಕದಿಂದ ಹಿಂದಕ್ಕೆ ಬಾಗಿ ಗೊಂಚಲು ನೋಡಿದಳು. ಕುತ್ತಿಗೆಯ ಜೊತೆಗೆ ಟೊಂಕವೂ ಹಿಡಿಯಿತು.

ದೀಪಾವಳಿ ಮುಗಿಯುತ್ತಲೇ ಹೆಬ್ಬೆರಳು, ತೋರುಬೆರಳು ಜೋಮು ಹಿಡಿಯತೊಡಗಿದವು. ಚಹದ ಕಪ್ಪು ಬಿತ್ತು. ಮರುವಾರ ಕಾಳು ಬಿಡಿಸುವ ಕತ್ತರಿ ಬಿತ್ತು. ಹದಿನೆಂಟು ವರ್ಷದಲ್ಲಿ ಅವಳ ಕೈಯಿಂದ ಕತ್ತರಿ ಬಿದ್ದದ್ದನ್ನು ನೋಡಿಲ್ಲ ಎಂದು ರಹಿಮಾಳೇ ಹೆದರಿ ನನಗೆ ಬಂದು ಹೇಳಿದಳು.

ಹತ್ತಿರದ ಒಬ್ಬ ಡಾಕ್ಟರರ ಕಡೆ ಹೋದೆವು. ಹೆಸರು ಬರೆಯುವುದಿಲ್ಲ. ಬರೆದರೆ ನಿಮ್ಮವ್ವ "ಮತ್ತೊಂದು ಅರ್ಜಿ ಸುರು ಮಾಡ್ರಿ" ಎನ್ನುತ್ತಾಳೆ. ಆತ ಕುತ್ತಿಗೆ ಮುಟ್ಟಿಯೂ ನೋಡಲಿಲ್ಲ. "ವಯಸ್ಸಾತು ಅಜ್ಜಿ" ಎಂದು ಸೂಜಿ ಚುಚ್ಚಿ ಕಳಿಸಿದ. ಐದು ಸಲ ಹೋದರೆ ಐದು ಸೂಜಿ. ಅವಳಿಗೆ ಐವತ್ತೇಳು, ನನಗೆ ಅರವತ್ತೇಳು. ವಯಸ್ಸೇ ಕಾರಣವಾಗಿದ್ದರೆ ಮೊದಲು ನನಗೆ ಬರಬೇಕಿತ್ತು. ನನ್ನ ಕುತ್ತಿಗೆ ಕಲ್ಲಿನ ಹಾಗಿದೆ. ಇದನ್ನು ಅವನ ಮುಖದ ಮೇಲೇ ಹೇಳಿ ಬಂದೆ.

ಡಿಸೆಂಬರಿನಲ್ಲಿ ಮಿರಜಿಗೆ ಕರೆದುಕೊಂಡು ಹೋದೆ. ದೊಡ್ಡ ದವಾಖಾನೆ. ಬಾಗಿಲಲ್ಲೇ ಒಬ್ಬ ಹುಡುಗಿ ಮರಾಠಿ ಫಾರ್ಮು ತುಂಬುತ್ತಿದ್ದಳು. ಹೆಸರು ಕೇಳಿದಳು, ವಯಸ್ಸು ಕೇಳಿದಳು, ಮರಾಠಿಯಲ್ಲಿ ನಿಮ್ಮವ್ವನನ್ನು 'ಬಾಯಿ' ಎನ್ನುತ್ತ, ಏನು ಕೆಲಸ ಮಾಡುತ್ತಾರೆ ಎಂದಳು. ನಾನು "ಮನೆಯಲ್ಲೇ ಇರುತ್ತಾರೆ" ಎಂದೆ. ನಿಮ್ಮವ್ವ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದಳು. ಯಾಕೆ ಎಂದು ಆಗ ತಿಳಿಯಲಿಲ್ಲ. ಹುಡುಗಿ ಗೃಹಿಣಿ ಎಂದು ಬರೆದುಕೊಂಡಳು.

ಅಲ್ಲಿಯ ಡಾಕ್ಟರರು ಮಾತ್ರ ಮನುಷ್ಯರು. ತಲೆಯನ್ನು ಒಂದು ಬದಿಗೆ ವಾಲಿಸಿ ಮೇಲಿಂದ ಮೆಲ್ಲಗೆ ಒತ್ತಿದಾಗ ನಿಮ್ಮವ್ವ "ಅಯ್ಯಯ್ಯ, ಬೊಟ್ಟಿನ ತನಕಾ ಕರೆಂಟ ಹೊಡದಂಗ ಆತು" ಎಂದಳು. ಸಣ್ಣ ಸುತ್ತಿಗೆಯಿಂದ ಮೊಣಕೈ, ಮೊಣಕಾಲು ತಟ್ಟಿದರು. ಗೆರೆಯ ಮೇಲೆ ನಡೆದಂತೆ ನಡೆಸಿದರು. ಮುಷ್ಟಿ ಮುಚ್ಚಿ ಬಿಚ್ಚಲು ಹೇಳಿ ಎಣಿಸಿದರು. ಕುಪ್ಪಸದ ಗುಂಡಿ ಹಾಕಲು ಬರುತ್ತದೋ, ಮೂತ್ರದ ಹಿಡಿತ ಇದೆಯೋ ಎಂದೂ ಕೇಳಿದರು. ನಿಮ್ಮವ್ವ ನಾಚಿ ನನ್ನ ಮುಖ ನೋಡಿದಳು. ನಾನು ಕಿಟಕಿ ನೋಡಿದೆ. ಕೊನೆಗೆ ಎಂಆರ್‌ಐ. ಅದರಿಂದ ಹೊರಗೆ ಬಂದು ಹೇಳಿದಳು: "ಒಳಗ ಯಾರೋ ತಗಡ ಬಡದಂಗ ಆಗತಿತ್ತು. ನಮ್ಮ ತ್ವಾಟದಾಗ ಇನ್ನ ಎಷ್ಟ ಸಾಲ ಉಳದಾವು ಅಂತ ಎಣಿಸಕೋತ ಮಲಗಿದ್ದೆ."

ಡಾಕ್ಟರರು ಚಿತ್ರ ತೋರಿಸಿ ಹೇಳಿದ್ದನ್ನು ನಾನು ಸಾಲಿ ಹುಡುಗರಿಗೆ ಹೇಳುವಂತೆ ನಿನಗೆ ಹೇಳುತ್ತೇನೆ. ಕುತ್ತಿಗೆಯ ಎಲುಬಿನಲ್ಲಿ ಏಳು ಮಣಕಾ, ಅಂದರೆ ಮಣಿ, ಇವೆ. ಜಿರಾಫೆಗೂ ಏಳೇ. ಎರಡು ಮಣಕಾದ ನಡುವೆ ಮೆತ್ತನೆಯ ಗಾದಿ. ಅವಳ ಕೆಳಗಿನ ಒಂದು ಗಾದಿ ಸವೆದು ಹೊರಗೆ ಚಾಚಿದೆ, ಎಲುಬೂ ಸ್ವಲ್ಪ ಬೆಳೆದಿದೆ. ಎರಡೂ ಸೇರಿ, ಅಲ್ಲಿಂದ ಕೈಗೆ ಹೋಗುವ ನರವನ್ನು ಬುಡದಲ್ಲಿ ಒತ್ತುತ್ತಿವೆ. ನೋವು ಇರುವುದು ಕೈಯಲ್ಲಿ, ರೋಗ ಇರುವುದು ಕುತ್ತಿಗೆಯಲ್ಲಿ. ನಡುವಿನ ದೊಡ್ಡ ಹುರಿಯನ್ನು ಒತ್ತಿಲ್ಲ, ಅದು ನಮ್ಮ ಪುಣ್ಯ. ಬಹಳ ಜನರಿಗೆ ಇದು ಕತ್ತಿ ಮುಟ್ಟದೆಯೇ ವಾಸಿಯಾಗುತ್ತದಂತೆ. ಆರು ವಾರ ಗುಳಿಗೆ, ಆಮೇಲೆ ವ್ಯಾಯಾಮ. ನಡುವೆ ಕೈಯ ಬಲ ಇನ್ನೂ ಇಳಿದರೆ, ಕಾಲು ತಡವರಿಸಿದರೆ, ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಬರಬೇಕು, ಆಪರೇಶನ್. ಪಟ್ಟಾ ಎಷ್ಟು ದಿನದಿಂದ ಎಂದು ಕೇಳಿದರು. ನಾಲ್ಕು ತಿಂಗಳು ಎಂದೆ. ಅವರೇ ಬಿಚ್ಚಿ ಮೇಜಿನ ಮೇಲಿಟ್ಟರು. "ಇದರಿಂದ ಕುತ್ತಿಗೆಯ ಸ್ನಾಯು ಸೊರಗ್ಯಾವ. ನಾಕ ದಿನಕ್ಕ ಸರಿ, ನಾಕ ತಿಂಗಳಿಗಲ್ಲ. ಯಾರು ಹೇಳಿದ್ರು?" ಎಂದರು. ಪತ್ರಿಕೆ ಎಂದೆ.

ಆಗ ನಿಮ್ಮವ್ವ ತಾನೇ ಕೇಳಿದಳು: "ಸಾಹೇಬ್ರ, ತ್ವಾಟಕ್ಕ ಎಂದ ಹೋಗಲಿ?"

"ಮ್ಯಾಲ ನೋಡಿ ಮಾಡೋ ಕೆಲಸ ಇನ್ನ ಬಿಟ್ರ ಚಲೋ, ಬಾಯಿ."

ತಿರುಗಿ ಬರುತ್ತ ನಿಮ್ಮವ್ವ ಜತ್ತದಲ್ಲಿ ವಳಸಂಗದ ಗಾಡಿ ಕಾಯುತ್ತ ಕೂತಾಗ ಅಂದಳು: "ಮನಿಯಾಗs ಇರ್ತಾಳ ಅಂತ ಬರಸಿದ್ರಲ್ಲ, ಈಗ ಖರೇ ಆತು ನೋಡ್ರಿ."

ಈ ಸಲದ ಕಾಳು ಬಿಡಿಸುವುದನ್ನು ರಹಿಮಾಳ ಟೋಳಿಯೇ ಮುಗಿಸಿತು. ನಿಮ್ಮವ್ವ ಬಾಗಿಲಲ್ಲಿ ಕೂತು ತೋಟದ ಕಡೆ ನೋಡುತ್ತಾಳೆ. ತಿರುಗಿ ಹೋಗಲು ಆದೀತೋ ಇಲ್ಲವೋ ಎಂಬುದೊಂದೇ ಈಗ ಈ ಮನೆಯ ಪ್ರಶ್ನೆ.

ನಿಮ್ಮೆಲ್ಲರ ಮೈ ಮನಸ್ಸು ಚಲೋ ಇರಲಿ. ಕೂಸಿನ ನೆತ್ತಿಗೆ ಎಣ್ಣೆ ತಪ್ಪಿಸಬೇಡ.

ನಿನ್ನ ಅಪ್ಪ,
ಬಸಗೊಂಡ

ತಾ.ಕ.: ಹೆಣ್ಣಾತು ಅಂತ ಏನು ಎಂದೆಯಲ್ಲ. ತೊಟ್ಟಿಲ ಕಾರ್ಯಕ್ಕೆ ನಿಮ್ಮ ಇಂಡಿಗೆ ಹೊರಡುವ ಹಿಂದಿನ ದಿನ ನಿಮ್ಮವ್ವ ಜೋಳದ ಹಿಟ್ಟನ್ನು ನನ್ನ ಹಳೆಯ ಧೋತರದಲ್ಲಿ ಗಂಟು ಕಟ್ಟಿ, ಕೂಸಿನ ಹಾಗೆ ತೋಳಲ್ಲಿ ಎತ್ತಿ ನೋಡುತ್ತಿದ್ದಳು. ಒಂದು ಸಲ ಎತ್ತಿದಳು, ಎರಡನೇ ಸಲ ಎತ್ತಿದಳು. ಮೂರನೇ ಸಲ ಜಾರಿ ಬಿತ್ತು. ಹಿಟ್ಟನ್ನು ಬಳಿದು ತುಂಬಿದಳು. "ಯಾರ ಮುಂದೂ ಹೇಳಬ್ಯಾಡ್ರಿ" ಎಂದಳು. ಹೇಳಿದ್ದೇನೆ. ನೀನು ಅವಳಿಗೆ ಹೇಳಬೇಡ.


ವಳಸಂಗ
13 ಜುಲೈ 2025

ಚಿ. ಸೌ. ಶೈಲಾ,

ಆಶೀರ್ವಾದಗಳು. ಹೇಳಬೇಡ ಎಂದದ್ದನ್ನು ನೀನು ಕಾಗದ ಮುಟ್ಟಿದ ದಿನವೇ ಫೋನು ಮಾಡಿ ಹೇಳಿದೆ. ಮೊದಲು ನೀನು ಅತ್ತೆ, ಆಮೇಲೆ ಅವಳು ಅತ್ತಳು, ಕೊನೆಗೆ ಇಬ್ಬರೂ ಸೇರಿ ನನ್ನನ್ನು ಬೈದಿರಿ. ಇರಲಿ. ಆ ದಿನ ನಿಮ್ಮವ್ವ ಎರಡು ರೊಟ್ಟಿ ಹೆಚ್ಚು ತಿಂದಳು. ಆಮೇಲೆ ನೀನು ಬರೆದ ಉದ್ದನೆಯ ಕಾಗದಕ್ಕೆ ಇಷ್ಟು ತಡವಾಗಿ ಉತ್ತರಿಸುತ್ತಿರುವುದಕ್ಕೆ ಕಾರಣ ಆಲಸ್ಯವಲ್ಲ. ಒಳ್ಳೆಯ ಸುದ್ದಿ ಗಟ್ಟಿಯಾಗುವ ತನಕ ಕಾದೆ.

ಸುದ್ದಿ ಗಟ್ಟಿಯಾಗಿದೆ. ಆಪರೇಶನ್ ಬೇಡ ಎಂದು ಮಿರಜಿನ ಡಾಕ್ಟರರು ಬರೆದು ಕೊಟ್ಟರು. ಹೆಬ್ಬೆರಳ ತುದಿಯಲ್ಲಿ ಇನ್ನೂ ಸ್ವಲ್ಪ ಜೋಮು ಇದೆ, ಅದು ಉಳಿದರೂ ಉಳಿಯಬಹುದಂತೆ. ಸವೆದ ಗಾದಿ ಹೊಸದಾಗುವುದಿಲ್ಲ. ಆದರೆ ನೋವು ಹೋಗಿದೆ. ಹಿಡಿತ ಬಂದಿದೆ. ಮೊನ್ನೆ ನಾನು ಬಿಚ್ಚಲಾರದ ಉಪ್ಪಿನಕಾಯಿ ಡಬ್ಬಿಯ ಮುಚ್ಚಳವನ್ನು ಅವಳು ಬಿಚ್ಚಿ, "ಮುಂದ?" ಎಂದಳು.

ಇದಕ್ಕೆ ಕಾರಣ ಜತ್ತದ ರೂಪಾಲಿ. ವ್ಯಾಯಾಮದ ಡಾಕ್ಟರು, ನಿನಗಿಂತ ನಾಲ್ಕು ವರ್ಷ ಸಣ್ಣವಳು, ಒಂದು ಮಾತು ಕನ್ನಡ, ಒಂದು ಮಾತು ಮರಾಠಿ. ಮೊದಲ ದಿನ ಅವಳ ಕೋಣೆಯ ಗೋಡೆ ನೋಡಿಯೇ ನನಗೆ ಸಿಟ್ಟು ಬಂತು. ಕುತ್ತಿಗೆ ನೋವು ಯಾಕೆ ಬರುತ್ತದೆ ಎಂದು ಬಣ್ಣದ ಪಟ ತೂಗುಹಾಕಿದ್ದರು. ಒಬ್ಬ ಗಂಡಸು ಮೊಬೈಲಿಗೆ ಬಾಗಿದ್ದಾನೆ, ಒಬ್ಬ ಹೆಂಗಸು ಕಂಪ್ಯೂಟರಿಗೆ ಬಾಗಿದ್ದಾಳೆ. ನಾನು ಕೇಳಿದೆ: "ಈ ತಾಲೂಕಿನಾಗ ಕಂಪ್ಯೂಟರ ಮುಂದ ಕುಂತ ಹೆಂಗಸರು ಎಷ್ಟು, ದ್ರಾಕ್ಷಿ ಕೆಳಗ ನಿಂತ ಹೆಂಗಸರು ಎಷ್ಟು? ಮ್ಯಾಲ ನೋಡಾಕಿ ಚಿತ್ರ ಎಲ್ಲೈತಿ? ನಿಮಗೆಲ್ಲಾ ಕುತ್ತಿಗಿ ಬಗ್ಗಿಸಿದವರಷ್ಟs ಕಾಣತಾರೇನು?"

ರೂಪಾಲಿ ಸಿಟ್ಟಾಗಲಿಲ್ಲ. ನಿಮ್ಮವ್ವನ ಕಡೆ ತಿರುಗಿ, "ಕಾಕೂ, ಕಾಕಾ ಹೇಳೋದು ಖರೆ ಐತಿ. ನೀವು ದಿನಾ ಏನ ಮಾಡತೀರಿ, ಮಾಡಿ ತೋರಸ್ರಿ" ಎಂದಳು.

ನಿಮ್ಮವ್ವ ನಾಚಿದಳು. ಆಮೇಲೆ ಚಪ್ಪಲಿ ಬಿಟ್ಟು ಎದ್ದು ನಿಂತಳು. ಎರಡೂ ಕೈ ತಲೆಯ ಮೇಲೆತ್ತಿ, ಕುತ್ತಿಗೆಯನ್ನು ಪೂರ್ತಿ ಹಿಂದಕ್ಕೆ ಹಾಕಿ, ಎಡಗೈಯಲ್ಲಿ ಇಲ್ಲದ ಗೊಂಚಲು ಹಿಡಿದು, ಬಲಗೈಯಲ್ಲಿ ಇಲ್ಲದ ಕತ್ತರಿ ಆಡಿಸತೊಡಗಿದಳು. "ಒಂದು ಗೊನ್ಯಾಗ ಇಷ್ಟ ಕಾಳ ಬಿಡಬೇಕು, ಇಷ್ಟ ತಗೀಬೇಕು. ತಗೀದಿದ್ರ ಉಳದದ್ದು ದಪ್ಪ ಆಗೂದಿಲ್ಲ. ಮುಂಜಾನಿ ಎಂಟಕ್ಕ ನಿಂತ್ರ ಊಟದ ತನಕಾ ಹಿಂಗs. ಊಟ ಆದ ಮ್ಯಾಲ ಸಂಜಿ ತನಕಾ ಹಿಂಗs" ಎಂದಳು. ಫ್ಯಾನು ಅವಳ ನೆತ್ತಿಯ ಮೇಲೆ ತಿರುಗುತ್ತಿತ್ತು. ನಾನು ಆ ತೋಟದಲ್ಲಿ ನೂರಾರು ಭಾನುವಾರ ಅಡ್ಡಾಡಿದವನು. ಅವಳು ಹೀಗೆ ನಿಲ್ಲುತ್ತಾಳೆ ಎಂದು ಆ ಕೋಣೆಯಲ್ಲೇ ಮೊದಲು ನೋಡಿದೆ.

ರೂಪಾಲಿ ಮಿರಜಿನ ಕಾಗದದಲ್ಲಿದ್ದ ಗೃಹಿಣಿ ಎಂಬುದರ ಮೇಲೆ ಗೆರೆ ಎಳೆದು, "ದ್ರಾಕ್ಷಿ ತೋಟದ ಕೆಲಸ, ಹದಿನೆಂಟು ವರ್ಷ" ಎಂದು ಬರೆದಳು. ನಿಮ್ಮವ್ವ ಓದು ಬರುವುದಿಲ್ಲ ಎನ್ನುತ್ತಾಳಲ್ಲ, ಆ ಸಾಲನ್ನು ಬೊಟ್ಟಿಟ್ಟು ಓದಿಸಿಕೊಂಡಳು.

ಆಮೇಲೆ ರೂಪಾಲಿ ನನಗೊಂದು ಕೆಲಸ ಹಚ್ಚಿದಳು: ತೋಟದ ತಂತಿ ನೆಲದಿಂದ ಎಷ್ಟು ಎತ್ತರ, ಕಾಕು ಎಷ್ಟು ಎತ್ತರ, ಅಳೆದುಕೊಂಡು ಬರಬೇಕು. ಅಳೆದೆ. ತಂತಿ ಆರೂವರೆ ಅಡಿ. ನಿಮ್ಮವ್ವ ನಾಲ್ಕು ಅಡಿ ಹತ್ತು ಇಂಚು. ರೂಪಾಲಿ ಹುಬ್ಬೇರಿಸಿ, "ಕಾಕಾ, ಇಷ್ಟ ಎತ್ತರ ಯಾಕ ಕಟ್ಟಿಸಿದ್ರಿ?" ಎಂದಳು. "ಎಲ್ಲಾರ್ದೂ ಹಂಗs ಇರತೈತಿ" ಎಂದೆ.

ವ್ಯಾಯಾಮ ದೊಡ್ಡದೇನಲ್ಲ. ನೆಟ್ಟಗೆ ಕೂತು ಗದ್ದವನ್ನು ಹಿಂದಕ್ಕೆ ಎಳೆದುಕೊಳ್ಳುವುದು; "ಹುಂಜ ಹಿಂದ ಸರದಂಗ" ಎಂದು ರೂಪಾಲಿ ಹೇಳಿದರೆ ನಿಮ್ಮವ್ವನಿಗೆ ನಗು ತಡೆಯಲಾಗುತ್ತಿರಲಿಲ್ಲ. ಹಣೆಗೆ ಅಂಗೈ ಒತ್ತಿ ತಲೆ ಅಲುಗದಂತೆ ತಡೆಯುವುದು. ಎರಡೂ ರಟ್ಟೆಯನ್ನು ಬೆನ್ನಿಗೆ ಕೂಡಿಸುವುದು. ದಿಂಬು ತಿರುಗಿ ಬಂತು, ದಪ್ಪವೂ ಅಲ್ಲ, ತೆಳುವೂ ಅಲ್ಲ, ಮಗ್ಗುಲಾದಾಗ ತಲೆ ಬೆನ್ನಿನ ಸಾಲಿಗೆ ಇರುವಷ್ಟು. ಯಾರ ಕೈಯಿಂದಲೂ ಕುತ್ತಿಗೆ ಲಟಕ್ಕನೆ ತಿರುವಿಸಿಕೊಳ್ಳಕೂಡದು ಎಂದು ಕಟ್ಟಪ್ಪಣೆ. ತೂಕ ಎತ್ತುವುದು ಕಡೆಗೆ ಬಂತು. ಅದಕ್ಕೆ ಏನು ಎತ್ತಲಿ ಎಂದು ನಿಮ್ಮವ್ವ ಕೇಳಲೇ ಇಲ್ಲ. ಜೋಳದ ಹಿಟ್ಟು ತಂದು ಗಂಟು ಕಟ್ಟಿದಳು. ಮೊದಲು ಒಂದು ಕಿಲೋ. ವಾರಕ್ಕೊಂದಿಷ್ಟು ಏರಿಸುತ್ತ ಬಂದು ಈಗ ಏಳಕ್ಕೆ ನಿಂತಿದ್ದಾಳೆ. ಕೂಸಿನ ತೂಕ ಈಗ ಎಷ್ಟು ಎಂದು ಬರೆ. ದಿನಾ ಕೇಳುತ್ತಾಳೆ.

ಇನ್ನು ತೋಟದ ಮಾತು. ಹದಿನೆಂಟು ವರ್ಷದ ಬಳ್ಳಿ, ಫಲ ಇಳಿದಿತ್ತು. ಮಾರ್ಚಿನಲ್ಲಿ ಹಣ್ಣು ಇಳಿಸಿದ ಮೇಲೆ ಕಿತ್ತು ಹಾಕಿಸಿದೆ. ನಾನು ಅಂದೆ: "ಸಾಕಿನ್ನ. ಜ್ವಾಳಾ ಬಿತ್ತೂಣು. ನೀ ಆರಾಮ ಕುಂದ್ರು." ಅವಳು ಜಗಳ ಆಡಲಿಲ್ಲ. ತನ್ನ ಕತ್ತರಿಗೆ ಎಣ್ಣೆ ಹಚ್ಚಿ, ಅರಿವೆಯಲ್ಲಿ ಸುತ್ತಿ, ನನಗೆ ಕಾಣುವ ಹಾಗೆ ದೇವರ ಮಾಡದಲ್ಲಿ ಇಟ್ಟಳು. ಮೂರು ದಿನ ಅದಕ್ಕೂ ಸೇರಿಯೇ ಕುಂಕುಮ ಬಿತ್ತು.

ರೂಪಾಲಿಯ ಮುಂದೆ ಈ ಮಾತು ತೆಗೆದಾಗ ಅವಳು ನಿಮ್ಮವ್ವನಿಗಲ್ಲ, ನನಗೆ ಹೇಳಿದಳು: "ಕಾಕಾ, ಕಾಕು ತ್ವಾಟ ಬಿಡೋದ ಬ್ಯಾಡ. ತ್ವಾಟ ಕೆಳಗ ಬರಲಿ. ಗೊನಿ ಕಣ್ಣಿನ ಮಟ್ಟಕ್ಕ ಇದ್ರ, ನಡುನಡುವ ಕುಂತ ಎದ್ರ, ಅವರು ಕೆಲಸ ಮಾಡಬಹುದು." ಈಗ ಬಹಳ ಜನ ಇಂಗ್ಲಿಷ್ ವಾಯ್ ಅಕ್ಷರದ ಹಾಗೆ ಕವಲೊಡೆದ ಕಬ್ಬಿಣದ ಕಂಬ ನಿಲ್ಲಿಸಿ ಬಳ್ಳಿ ಹಬ್ಬಿಸುತ್ತಾರೆ. ಅದರಲ್ಲಿ ಗೊಂಚಲು ತಲೆಯ ಮೇಲಲ್ಲ, ಎದೆಯ ಮುಂದೆ ಜೋತು ಬೀಳುತ್ತದೆ. ಹಾಗೇ ಮಾಡುವುದೆಂದು ನಿರ್ಧಾರವಾಯಿತು. ಮೇ ತಿಂಗಳಲ್ಲಿ ಕಸಿ ಕಟ್ಟುವ ಬೇರುಗಿಡ ನೆಟ್ಟೆವು, ಒಂದೇ ಎಕರೆ.

ಹೋದ ವಾರ ಕಂಬ ನಿಲ್ಲಿಸಲು ಜತ್ತದಿಂದ ಶಾಹನವಾಜ ಬಂದ. ಅವನ ಅಪ್ಪ ಗುಲಾಬನೇ ನಮ್ಮ ಹಳೆಯ ಹಂದರ ಕಟ್ಟಿದವನು. ಗುಲಾಬನೂ ಜೊತೆಗೆ ಬಂದು ಬೇವಿನ ನೆರಳಲ್ಲಿ ಹೊರಸಿನ ಮೇಲೆ ಕೂತ. ಶಾಹನವಾಜ ಟೇಪು ಹಿಡಿದು, "ಮಾಸ್ತರ, ನಾಲ್ಕೂವರೆ ಅಡಿಗೆ ಕವಲು ಒಡಸ್ಲಿ? ಎಲ್ಲಾ ಕಡೆ ಹಂಗs ಮಾಡೀನಿ" ಎಂದ.

"ನನ್ನ ಕೇಳಬ್ಯಾಡ. ಕಾಕಿನ್ನ ಅಳಿ" ಎಂದೆ.

ಅವನು ನಕ್ಕ. "ಅಂಗಿ ಹೊಲಿಯೂದಲ್ಲರಿ ಇದು!"

"ಅಂಗಿನೂ ಅಳದs ಹೊಲೀತಾರ. ಇದು ದಿನಾ ಎಂಟ ತಾಸ ಉಡೋದು. ಅಳಿ."

ನಿಮ್ಮವ್ವ ಸೆರಗು ಸಿಕ್ಕಿಸಿ ಕಂಬಕ್ಕೆ ಬೆನ್ನು ಕೊಟ್ಟು ನಿಂತಳು. ಗದ್ದ ಹಿಂದಕ್ಕೆ ಎಳೆದುಕೊಂಡು, ರೂಪಾಲಿ ಕಲಿಸಿದ ಹಾಗೆ ನೆಟ್ಟಗೆ. ಮೊಣಕೈ ಮಡಚಿ ಕೈ ಮುಂದೆ ಮಾಡಿದಳು. ಶಾಹನವಾಜ ಅವಳ ಗದ್ದದ ಮಟ್ಟಕ್ಕೆ ಒಂದು, ಮೊಣಕೈ ಮಟ್ಟಕ್ಕೆ ಒಂದು ಸೀಮೆಸುಣ್ಣದಂಥ ಖಡುವಿನ ಗೆರೆ ಎಳೆದ. ಗೊಂಚಲು ಇರಬೇಕಾದ್ದು ಈ ಎರಡು ಗೆರೆಯ ನಡುವೆ. ಕವಲು ಅವನ ಲೆಕ್ಕಕ್ಕಿಂತ ಒಂದು ಗೇಣು ಕೆಳಗೆ ಬಂತು. ಬೇಲಿಯ ಆಚೆ ಹೋಗುತ್ತಿದ್ದ ರಹಿಮಾ ನಿಂತು ಕೂಗಿದಳು: "ಭಾಗಕ್ಕಾ, ಎಲ್ಲಾರೂ ತ್ವಾಟಕ್ಕ ಕಂಬ ನಿಲ್ಲಸ್ತಾರ, ಮಾಸ್ತರು ಕಂಬಕ್ಕ ನಿನ್ನ ನಿಲ್ಲಿಸ್ಯಾರಲ್ಲ! ನಮ್ಮ ಟೋಳಿಗೂ ಇಂಥಾ ತ್ವಾಟ ಬೇಕಂತ ಉಳದ ಸಾವಕಾರರಿಗೂ ಒಂದ ಅರ್ಜಿ ಬರೀರಿ ಅನ್ನು!"

ಬರೆಯುತ್ತೇನೆ. ಈಗಾಗಲೇ ಕರಡು ಆಗಿದೆ.

ಪಂಚಮಿಗೆ ನೀವೆಲ್ಲ ಬರಬೇಕು, ನೆವ ಹೇಳಕೂಡದು. ಜತ್ತದಲ್ಲಿ ಗಾಡಿ ಇಳಿದಾಗ ನಿಮ್ಮವ್ವ ಅಲ್ಲೇ ನಿಂತಿರುತ್ತಾಳೆ. ಕೂಸನ್ನು ನೇರ ಅವಳ ಕೈಗೇ ಕೊಡು, ಹೆದರಬೇಡ. ನಿನಗೆ ಉಂಡಿ ಕಟ್ಟಿಡಲು ಈಗಲೇ ಎಳ್ಳು ಆರಿಸುತ್ತಿದ್ದಾಳೆ. ನೀವು ನಾಲ್ಕೂ ಜನ ನೂರ್ಕಾಲ ಬಾಳಿರಿ, ನಿಮ್ಮ ಮನೆಯ ಒಲೆ, ದೀಪ, ತೊಟ್ಟಿಲು ತುಂಬಿರಲಿ.

ನಿನ್ನ ಅಪ್ಪ,
ಬಸಗೊಂಡ

ತಾ.ಕ.: ಇದನ್ನು ಕಾಗದದೊಳಗೆ ಬರೆಯಲು ಮೂರು ಸಲ ಕೂತೆ. ಆಗಲಿಲ್ಲ, ಇಲ್ಲಿ ಬರೆಯುತ್ತೇನೆ.

ಶಾಹನವಾಜ ಗೆರೆ ಎಳೆದಾಗ ಹೊರಸಿನ ಮೇಲಿದ್ದ ಗುಲಾಬ ನಕ್ಕು ಅಂದ: "ಮಾಸ್ತರ, ಅಂತೂ ವೈನಿ ಮಾತ ನಡೀತು. ಆಗs ಕೇಳಿದ್ರಲ್ಲ ಅವರು." ನಿಮ್ಮವ್ವ ಏನು ಕೇಳಿದ್ದಳು ಎಂದೆ. ಅವನು ನನ್ನ ಮುಖ ನೋಡಿದ. "ಖರೇನs ನೆನಪಿಲ್ಲೇನು? ಹಂದರ ಕಟ್ಟೋವಾಗ ವೈನಿ ಬುತ್ತಿ ತಂದಿದ್ರು. ಒಂದ ಗೇಣ ಕೆಳಗ ಇರಲಿ, ನನಗ ಎಟಕೂದಿಲ್ಲ ಅಂದ್ರು. ನೀವು ಏನಂದ್ರಿ? 'ನಾ ಯಾರ ಮುಂದೂ ತಲಿ ಬಗ್ಗಿಸಿದಾಂವ ಅಲ್ಲ, ತ್ವಾಟದಾಗ ಬಗ್ಗಿಸಲೇನು? ನೀನs ಕತ್ತ ಎತ್ತಿ ನೋಡು' ಅಂದ್ರಿ. ನಾವು ಎಲ್ಲಾರೂ ನಕ್ವಿ. ವೈನಿನೂ ನಕ್ರು." ನಿಮ್ಮವ್ವ ಖಡುವಿನ ಪುಡಿ ಒರೆಸಿಕೊಳ್ಳುತ್ತ, "ಬಿಡ್ರಿ ಗುಲಾಬಣ್ಣ, ಹಳೇದು" ಎಂದಳು. ಅವಳಿಗೆ ನೆನಪಿತ್ತು.

ಎಪ್ಪತ್ತೆರಡರ ಬರದಲ್ಲಿ ಯಾರು ಯಾರ ಪಾಲಿನ ಕಾಳು ಮುಚ್ಚಿಟ್ಟರು, ಯಾವ ಕಚೇರಿಯಲ್ಲಿ ಯಾವ ಕಾರಕೂನ ಕನ್ನಡದ ಅರ್ಜಿ ತಿರುಗಿಸಿದ, ಎಲ್ಲ ನನಗೆ ತಾರೀಖಿನ ಸಮೇತ ನೆನಪಿದೆ ಎಂದು ನೀವು ತಾಯಿ ಮಗಳು ನಗುತ್ತೀರಿ. ಒಳಗೆ ಹೋಗಿ ಹಂದರ ಕಟ್ಟಿದ ವರ್ಷದ ನನ್ನ ದಿನಚರಿ ತೆಗೆದೆ. ಹಂದರ ಮುಗಿದ ದಿನ ಬರೆದಿದ್ದೇನೆ: "ಎತ್ತರ ಆರೂವರೆ ಅಡಿ. ಕೆಲಸ ಚಲೋ ಆಗಿದೆ. ಸಿಮೆಂಟಿನವನು ಒಂದು ಚೀಲ ಹಳೆಯದು ಕೊಟ್ಟು ಮೋಸ ಮಾಡಿದ." ಅಷ್ಟೇ. ನಿಮ್ಮವ್ವನ ಮಾತು ಇಲ್ಲ. ನಾನು ಸಾಲಿಗೆ ಹೋಗುತ್ತಿದ್ದವನು, ತೋಟಕ್ಕೆ ಬರುತ್ತಿದ್ದುದು ಭಾನುವಾರ. ಉಳಿದ ಆರು ದಿನ ಅದರ ಕೆಳಗೆ ನಿಂತವಳು ಅವಳು. ಆ ದಿನ ಬುತ್ತಿಯ ಜೊತೆ ನೀರಿನ ಕೊಡ ಹಿಡಿದು ನೀನೂ ಬಂದಿದ್ದೆಯಂತೆ. ನಿನಗೆ ನೆನಪಿದ್ದರೆ ಬರೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುವುದಿಲ್ಲ. ಹೇಳಿದ್ದರೆ ನಾನು ಕೇಳುತ್ತಿದ್ದೆನೋ ಇಲ್ಲವೋ ನಿನಗೂ ಗೊತ್ತು.

ಅವಳ ಹತ್ತಿರ ತಪ್ಪಾಯಿತು ಎಂದು ಇನ್ನೂ ಅಂದಿಲ್ಲ. ನಿನ್ನೆ ಹೊಸ ತಂತಿ ಎಳೆದರು. ನೋಡಲು ಒಂದು ಸಾಲಿನಿಂದ ಇನ್ನೊಂದಕ್ಕೆ ದಾಟುತ್ತಿದ್ದೆ, ಹಣೆಗೆ ತಂತಿ ಬಡಿಯಿತು. ಆಚೆ ಸಾಲಿನಲ್ಲಿ ನೆಟ್ಟಗೆ ನಿಂತಿದ್ದ ನಿಮ್ಮವ್ವ ತಿರುಗಿ ನೋಡಿ, "ಬಗ್ಗಿ ಬರ್ರಿ" ಎಂದಳು.

ಬಗ್ಗಿ ಹೋದೆ.